ಬೇಳೆ ಬಿಡಬೇಡಿ, ಅಳತೆ ಟೇಪು ತೆಗೆಯಿರಿ

ಸಿಡ್ನಿಯ ನಾರ್ವೆಸ್ಟ್ ಸುತ್ತಮುತ್ತಲಿನ ಕನ್ನಡದ ಮನೆಗಳ ಅಡುಗೆಮನೆಯಲ್ಲಿ ಈಗ ಎರಡು ಡಬ್ಬಿ ಅಕ್ಕಪಕ್ಕ ಕೂತಿರುತ್ತವೆ. ಒಂದು ಊರಿಂದ ಬಂದ ಅಜ್ಜಿಯ ರಾಗಿಹಿಟ್ಟಿನದು. ಇನ್ನೊಂದು ಜಿಮ್‌ಗೆ ಹೋಗುವ ಮಗನ ಪ್ರೋಟೀನ್ ಪುಡಿಯದು. ಆ ಎರಡನೆಯ ಡಬ್ಬಿ ತಿರುಗಿಸಿ ಚೀಟಿ ಓದಿ. 'ಬಿಸಿಎಎ' ಎಂದು ಬರೆದು, ಒಂದು ಅಳತೆಗೆ ಐದಾರು ಗ್ರಾಂ ಎಂದು ಹಾಕಿರುತ್ತಾರೆ.

"ಇದು ರಕ್ತದಲ್ಲಿ ಜಾಸ್ತಿಯಾದರೆ ಡಯಾಬಿಟಿಸ್ ಬರುತ್ತದಂತೆ, ಹೌದಾ?" ಎಂದು ಹಲವರು ಕೇಳುತ್ತಾರೆ. ಹಾಗಾದರೆ ಬೇಳೆಕಾಳು ಕಡಿಮೆ ಮಾಡಬೇಕಾ ಎಂಬುದು ಅದರ ಹಿಂದೆಯೇ ಬರುವ ಪ್ರಶ್ನೆ. ಬೇಡ. ಯಾಕೆ ಬೇಡ ಎಂಬುದನ್ನು ಮೊದಲಿಂದ ನೋಡೋಣ.

ತೊಗರಿಬೇಳೆ, ಮೊಸರು, ಮೊಟ್ಟೆ, ಮೀನು, ಯಾವುದನ್ನೇ ತಿನ್ನಿ. ಅದರ ಪ್ರೋಟೀನ್ ಹೊಟ್ಟೆ, ಕರುಳುಗಳಲ್ಲಿ ಬಿಡಿಬಿಡಿಯಾಗುತ್ತದೆ. ಪ್ರೋಟೀನ್ ಮಣಿಸರವಾದರೆ ಒಂದೊಂದು ಮಣಿಯೂ ಅಮೈನೊ ಆಮ್ಲ. ಮಣಿಗಳಲ್ಲಿ ಇಪ್ಪತ್ತು ಬಗೆ. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರಕ್ಕೆ ರಚನೆಯಲ್ಲಿ ಕವಲಿದೆ. ಬಿಸಿಎಎ ಎಂದರೆ ಈ ಕವಲು ಸರಪಳಿಯ ಮೂರು. ದೇಹ ಇವನ್ನು ತಾನೇ ತಯಾರಿಸಲಾರದು, ಊಟದಿಂದಲೇ ಬರಬೇಕು. ಹಾಗಾಗಿ ಇವು ವಿಷವಲ್ಲ, ನಮಗೆ ಬೇಕೇ ಬೇಕಾದವು.

ಮತ್ತೆ ಭಯ ಎಲ್ಲಿಂದ ಬಂತು? 2011ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದ ಫಲಿತಾಂಶವೊಂದು ಪ್ರಕಟವಾಯಿತು. ಸಕ್ಕರೆ ಸರಿಯಾಗಿದ್ದ 2,422 ಜನರನ್ನು 12 ವರ್ಷ ಗಮನಿಸಿದ್ದರು. 201 ಮಂದಿಗೆ ಡಯಾಬಿಟಿಸ್ ಬಂತು. ಆರಂಭದಲ್ಲೇ ತೆಗೆದಿಟ್ಟಿದ್ದ ರಕ್ತವನ್ನು ಪರೀಕ್ಷಿಸಿದರೆ, ಕಾಯಿಲೆ ಬಂದವರಲ್ಲಿ ಈ ಮೂರು ಮತ್ತು ಟೈರೊಸಿನ್, ಫಿನೈಲ್‌ಅಲನಿನ್ ಎಂಬ ಇನ್ನೆರಡು ಅಮೈನೊ ಆಮ್ಲಗಳು ಆಗಲೇ ಹೆಚ್ಚಿದ್ದವು. ನಮಗೆ ಇನ್ನೂ ಹತ್ತಿರದ್ದು ಲಂಡನ್ನಿನ ಸೇಬರ್ ಅಧ್ಯಯನ. ದಕ್ಷಿಣ ಏಷ್ಯಾ ಮೂಲದ ಗಂಡಸರಲ್ಲಿ ಟೈರೊಸಿನ್ ಹೆಚ್ಚಿರುವುದು ಯುರೋಪಿಯನ್ನರಲ್ಲಿಗಿಂತ ಬಲವಾದ ಮುನ್ಸೂಚನೆ ಎಂದು ಅದು 2015ರಲ್ಲಿ ತೋರಿಸಿತು.

ಆದರೆ ರಕ್ತದಲ್ಲಿ ಹೆಚ್ಚಿದೆ ಎಂದರೆ ತಟ್ಟೆಯಲ್ಲಿ ಹೆಚ್ಚಿತ್ತು ಎಂದಲ್ಲ. ಸಿಂಕಿನ ಕೊಳವೆ ಕಟ್ಟಿಕೊಂಡರೆ ನಲ್ಲಿ ಸಣ್ಣಗೆ ಬಿಟ್ಟಿದ್ದರೂ ನೀರು ನಿಲ್ಲುತ್ತದಲ್ಲ, ಹಾಗೆ. ಹೊಟ್ಟೆಯ ಸುತ್ತ ಕೊಬ್ಬು ಬೆಳೆದಾಗ ದೇಹ ಇನ್ಸುಲಿನ್ನಿನ ಮಾತು ಕೇಳುವುದು ಕಡಿಮೆಯಾಗುತ್ತದೆ. ಇದಕ್ಕೆ ಇನ್ಸುಲಿನ್ ಪ್ರತಿರೋಧ ಎನ್ನುತ್ತಾರೆ. ಆಗ ಯಕೃತ್ತು ಮತ್ತು ಕೊಬ್ಬಿನ ಅಂಗಾಂಶ ಈ ಮೂರನ್ನು ಉರಿಸುವ ವೇಗ ತಗ್ಗಿ, ಅವು ರಕ್ತದಲ್ಲಿ ಉಳಿದುಬಿಡುತ್ತವೆ. ಹೀಗೆ ಉಳಿದದ್ದು ತಾನೂ ಕಾಯಿಲೆಯನ್ನು ತಳ್ಳುತ್ತದೆಯೇ, ಬರೀ ಗುರುತೇ ಎಂಬ ಬಗ್ಗೆ ಸಂಶೋಧಕರಲ್ಲಿ ಇನ್ನೂ ವಾದವಿದೆ.

ನಮ್ಮ ಊರಿನದೇ ಒಂದು ಕೆಲಸ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸಿಡ್ನಿ ವಿಶ್ವವಿದ್ಯಾಲಯದ ಚಾರ್ಲ್ಸ್ ಪರ್ಕಿನ್ಸ್ ಸೆಂಟರ್‌ನವರು ಇಲಿಗಳಿಗೆ ಬಿಸಿಎಎ ದುಪ್ಪಟ್ಟು ಹಾಕಿ ಬೆಳೆಸಿ, 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಇಲಿಗಳು ವಿಪರೀತ ತಿಂದವು, ದಪ್ಪಗಾದವು, ಬೇಗ ಸತ್ತವು. ಟ್ರಿಪ್ಟೊಫ್ಯಾನ್ ಎಂಬ ಇನ್ನೊಂದು ಅಮೈನೊ ಆಮ್ಲದೊಂದಿಗಿನ ಸಮತೋಲ ತಪ್ಪಿ, ಹಸಿವನ್ನು ಹಿಡಿದಿಡುವ ಸೆರೊಟೊನಿನ್ ಮಿದುಳಿನಲ್ಲಿ ಇಳಿದಿತ್ತು. ಇಲಿ ಮನುಷ್ಯನಲ್ಲ ನಿಜ. ಆದರೂ ಒಂದೇ ಬಗೆಯ ಮಣಿಯನ್ನು ಪುಡಿಯ ರೂಪದಲ್ಲಿ ಸುರಿದುಕೊಳ್ಳುವುದಕ್ಕಿಂತ ಅನ್ನ-ಬೇಳೆಯಂತೆ ಒಂದರ ಕೊರತೆಯನ್ನು ಇನ್ನೊಂದು ತುಂಬುವ ಊಟ ಮೇಲು ಎಂದೇ ನನ್ನ ಅಭಿಪ್ರಾಯ. ವೈದ್ಯರು ಹೇಳಿ ತೆಗೆದುಕೊಳ್ಳುತ್ತಿರುವ ಪುಡಿಯನ್ನು ಮಾತ್ರ ಕೇಳದೆ ನಿಲ್ಲಿಸಬೇಡಿ.

ನಮ್ಮ ತಟ್ಟೆಯ ತೊಂದರೆ ಬೇರೆಯೇ. ದೊಡ್ಡ ಗುಡ್ಡೆ ಅನ್ನ, ಮೇಲೊಂದು ಸೌಟು ತಿಳಿಸಾರು, ಪಕ್ಕಕ್ಕೆ ಹಪ್ಪಳ. ಅದೇ ಅನ್ನವನ್ನು ಅರ್ಧ ಮಾಡಿ. ಹುಳಿ ಗಟ್ಟಿಯಾಗಿರಲಿ. ಹೆಸರುಬೇಳೆ ಕೋಸಂಬರಿ ಒಂದು ಬಟ್ಟಲು, ಹುರುಳಿಕಾಯಿ ಪಲ್ಯ ಇನ್ನೊಂದು ಬಟ್ಟಲು ಬಡಿಸಿಕೊಳ್ಳಿ. ರಾಗಿ ಎಂದು ಎರಡೆರಡು ಮುದ್ದೆ ಬೇಡ, ಅದೂ ಪಿಷ್ಟವೇ. ಊಟವಾದ ಮೇಲೆ ನಾರ್ವೆಸ್ಟ್ ಕೆರೆಯ ಕಡೆಗೆ ಒಂದು ಸುತ್ತು ನಡೆದು ಬನ್ನಿ. ಕಟ್ಟಿದ ಕೊಳವೆ ತೆರೆಯುವುದು ಸ್ನಾಯು ದುಡಿದಾಗ, ಸೊಂಟ ಇಳಿದಾಗ.

ಅಮೈನೊ ಆಮ್ಲದ ರಕ್ತಪರೀಕ್ಷೆ ಮಾಡಿಸಬೇಕೆ? ಬೇಕಿಲ್ಲ. ಅದನ್ನು ಮುಖ್ಯವಾಗಿ ಹುಟ್ಟಿನಿಂದ ಬರುವ ಕೆಲವು ಅಪರೂಪದ ಕಾಯಿಲೆಗಳಿಗೆ ಮಾಡಿಸುತ್ತಾರೆ. ಅದರ ಬದಲು 'ಆಸ್‌ಡ್ರಿಸ್ಕ್' ಎಂಬ ಆಸ್ಟ್ರೇಲಿಯಾ ಸರ್ಕಾರದ ಪ್ರಶ್ನಾವಳಿ ತುಂಬಿ. ಆನ್‌ಲೈನ್‌ನಲ್ಲಿದೆ, ದುಡ್ಡಿಲ್ಲ. ಬೇಕಾದದ್ದು ಒಂದು ಟೇಪು. ನಿಂತುಕೊಂಡು, ಪಕ್ಕೆಲುಬಿನ ಕೆಳಗೆ, ಹೊಕ್ಕುಳ ಮಟ್ಟದಲ್ಲಿ ಸೊಂಟ ಅಳೆಯಿರಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ.

46 ವರ್ಷದ ಒಬ್ಬ ಐಟಿ ಉದ್ಯೋಗಿಯ ಲೆಕ್ಕ ಹಾಕೋಣ. ವಯಸ್ಸಿಗೆ 4 ಅಂಕ. ಗಂಡಸು, 3. ಭಾರತದಲ್ಲಿ ಹುಟ್ಟಿದ್ದು, 2. ಅಮ್ಮನಿಗೆ ಡಯಾಬಿಟಿಸ್, 3. ವಾರಕ್ಕೆ ಎರಡೂವರೆ ಗಂಟೆ ವ್ಯಾಯಾಮವಿಲ್ಲ, 2. ಸೊಂಟ 94 ಸೆಂ.ಮೀ., 4. ಏಷ್ಯಾ ಮೂಲದ ಗಂಡಸರಿಗೆ 90ರಿಂದ, ಹೆಂಗಸರಿಗೆ 80ರಿಂದಲೇ ಅಂಕ ಬೀಳುತ್ತದೆ. ಒಟ್ಟು 18. ಹನ್ನೆರಡು ಮುಟ್ಟಿದರೇ ಅಪಾಯ ಹೆಚ್ಚು. 16ರಿಂದ 19 ಅಂಕದವರಲ್ಲಿ ಏಳರಲ್ಲಿ ಒಬ್ಬರಿಗೆ ಐದು ವರ್ಷದೊಳಗೆ ಡಯಾಬಿಟಿಸ್ ಬರುತ್ತದೆ. ನೋಡಲು ಅವರು ಸಣ್ಣಗೇ ಇರಬಹುದು.

12 ಅಥವಾ ಹೆಚ್ಚು ಬಂದರೆ ಆ ಹಾಳೆ ಹಿಡಿದು ಜಿಪಿ, ಅಂದರೆ ಕುಟುಂಬ ವೈದ್ಯರ ಬಳಿ ಹೋಗಿ. ಬಲ್ಕ್ ಬಿಲ್ಲಿಂಗ್ ಇರುವ ಕ್ಲಿನಿಕ್ಕಿನಲ್ಲಿ ಮೆಡಿಕೇರ್ ಕಾರ್ಡು ತೋರಿಸಿದರೆ ಸಾಕು. ಬೇರೆ ಕಡೆ ಕೈಯಿಂದ ಎಷ್ಟು ಕೊಡಬೇಕೆಂದು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಿ. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ-ಅಮ್ಮನಿಗೆ ಮೆಡಿಕೇರ್ ಇಲ್ಲ, ಅವರ ವಿಮೆಯ ಕಾಗದ ಮೊದಲು ನೋಡಿಕೊಳ್ಳಿ. ತೂಕ ಇಳಿಸಲು, ಊಟ ತಿದ್ದಿಕೊಳ್ಳಲು ನ್ಯೂ ಸೌತ್ ವೇಲ್ಸ್‌ನಲ್ಲಿ 'ಗೆಟ್ ಹೆಲ್ದಿ' ಎಂಬ ಫೋನ್ ಸೇವೆ ಇದೆ. ಮೆಲ್ಬರ್ನ್‌ನ ನೆಂಟರಿಗೆ 'ಲೈಫ್' ಕಾರ್ಯಕ್ರಮ ಇದೆ. ಎರಡೂ ಉಚಿತ.

ಜಿಪಿ ಬರೆದುಕೊಟ್ಟ ರಕ್ತಪರೀಕ್ಷೆಯ ರಿಪೋರ್ಟು ಬಂದಾಗ ಗಾಬರಿಯಾಗಬೇಡಿ, ಇಲ್ಲಿನ ಸಕ್ಕರೆ ಅಂಕಿ ಚಿಕ್ಕದಾಗಿ ಕಾಣುತ್ತದೆ. ಅದನ್ನು 18ರಿಂದ ಗುಣಿಸಿದರೆ ಭಾರತದ ಲೆಕ್ಕ ಸಿಗುತ್ತದೆ. ಇಲ್ಲಿನ 5.5 ಅಂದರೆ ಅಲ್ಲಿನ 99. ಬರಿಹೊಟ್ಟೆಯಲ್ಲಿ 7 ಅಥವಾ ಹೆಚ್ಚು, ಇಲ್ಲವೇ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.5 ಶೇಕಡಾ ಅಥವಾ ಹೆಚ್ಚು ಬಂದರೆ ಅದು ಡಯಾಬಿಟಿಸ್‌ನ ಮಟ್ಟ. ಎಚ್‌ಬಿಎ1ಸಿ ಒಂದೇ ಬರೆದುಕೊಟ್ಟಿದ್ದರೆ ಉಪವಾಸ ಬೇಕಿಲ್ಲ, ತಿಂಡಿ ತಿಂದೇ ಹೋಗಿ.