ಚಲಿಸುವ ಮನೆಗಳು: ಬಗೆಯೂ ಭಾರವೂ

ದೂರದ ಜಾತ್ರೆಗೆ ಕಮಾನುಗಾಡಿ ಕಟ್ಟಿಕೊಂಡು ಹೊರಟ ಕುಟುಂಬವು ಗಾಡಿಯೊಳಗೇ ಹುಲ್ಲು ಹಾಸಿ ಮಲಗಿ, ಅದರ ಮಗ್ಗುಲಲ್ಲೇ ಮೂರು ಕಲ್ಲು ಹೂಡಿ ಅಡುಗೆ ಮಾಡಿಕೊಳ್ಳುತ್ತಿದ್ದುದನ್ನು ನಮ್ಮ ಹಿರಿಯರು ಬಲ್ಲರು. ಮನೆಯನ್ನೇ ಜೊತೆಗೆ ಕೊಂಡೊಯ್ಯುವ ಈ ಪದ್ಧತಿಯು ಪಶ್ಚಿಮ ದೇಶಗಳಲ್ಲಿ ಯಂತ್ರಬಲವನ್ನು ಪಡೆದು ಬೇರೊಂದು ರೂಪ ತಾಳಿದೆ. ಅಮೆರಿಕದಲ್ಲಿ ಇಂತಹ ವಾಹನಗಳಿಗೆಲ್ಲ ಸೇರಿ ಆರ್.ವಿ., ಅಂದರೆ ವಿಹಾರವಾಹನ, ಎಂದು ಹೆಸರು. ಅಲ್ಲಿ ನೆಲೆಸಿರುವ ಮಗನೋ ಮಗಳೋ "ನೀವು ಬಂದಾಗ ಆರ್.ವಿ. ಬಾಡಿಗೆಗೆ ಹಿಡಿದು ಯೆಲ್ಲೋಸ್ಟೋನ್ ನೋಡಿ ಬರೋಣ" ಎಂದಾಗ, ಅದು ಯಾವ ಬಗೆಯದೆಂದು ಕೇಳಿ ತಿಳಿಯುವುದು ಒಳ್ಳೆಯದು. ದಾರಿಯಲ್ಲಿ ಎಲ್ಲಿ ಕುಳಿತುಕೊಳ್ಳಬೇಕು, ಪ್ರಯಾಣವು ಎಷ್ಟು ಕ್ಷೇಮ ಎಂಬುದೆಲ್ಲ ಅದನ್ನೇ ಅವಲಂಬಿಸಿದೆ.

ವಿಹಾರಕ್ಕೆಂದೇ ಕಟ್ಟಿಸಿದ ಮೊದಲ ಬಂಡಿಮನೆಯೆಂದು ಹೆಸರಾದುದು ಇಂಗ್ಲೆಂಡಿನ 'ವಾಂಡರರ್'. ನೌಕಾದಳದಲ್ಲಿ ವೈದ್ಯರಾಗಿದ್ದು ಬಳಿಕ ಲೇಖಕರಾದ ವಿಲಿಯಂ ಗೋರ್ಡನ್ ಸ್ಟೇಬಲ್ಸ್ ಎಂಬುವರು ೧೮೮೫ರಲ್ಲಿ ಇದನ್ನು ಕಟ್ಟಿಸಿದರು. ಎರಡು ಕುದುರೆಗಳು ಇದನ್ನು ಎಳೆಯುತ್ತಿದ್ದವು. ಮೋಟಾರು ಬಂದ ಮೇಲೆ ಕುದುರೆಯ ಸ್ಥಾನಕ್ಕೆ ಕಾರು ಬಂದಿತು. ೧೯೬೬ರಲ್ಲಿ ಅಮೆರಿಕದ ಅಯೋವಾ ಪ್ರಾಂತದ ವಿನ್ನೆಬ್ಯಾಗೋ ಸಂಸ್ಥೆಯು ಮೋಟಾರುಮನೆಗಳ ತಯಾರಿಕೆಗೆ ತೊಡಗಿದ ಮೇಲೆ, ಅವು ಮಧ್ಯಮ ವರ್ಗದವರ ಕೈಗೂ ಎಟುಕುವಂತಾದವು.

ಇಂದು ಇವುಗಳ ಹೆಸರುಗಳು ಅನೇಕ. ಆದರೆ ಮೂಲದಲ್ಲಿ ಭೇದ ಎರಡೇ: ತಾನೇ ನಡೆಯುವ ಮನೆ ಒಂದು, ಮತ್ತೊಂದು ವಾಹನವು ಎಳೆದೊಯ್ಯುವ ಮನೆ ಇನ್ನೊಂದು. ಬ್ರಿಟನ್ನಿನಲ್ಲಿ ಎರಡನೆಯದಕ್ಕೆ ಮಾತ್ರ 'ಕ್ಯಾರವಾನ್' ಎನ್ನುವರು. ನಮ್ಮಲ್ಲಿ ಚಿತ್ರತಾರೆಯರು ಬಳಸುವ, ತಾನೇ ನಡೆಯುವ ವಾಹನಕ್ಕೂ ಅದೇ ಹೆಸರು ಅಂಟಿಕೊಂಡಿದೆ. ಇದರಿಂದ ಗೊಂದಲವಾಗುವುದುಂಟು.

ಮೊದಲನೆಯ ಜಾತಿಯಲ್ಲಿ ಎ, ಬಿ, ಸಿ ಎಂದು ಮೂರು ವರ್ಗಗಳಿವೆ. ಇಲ್ಲಿ ಅಕ್ಷರಗಳ ಕ್ರಮವನ್ನು ನಂಬಿದರೆ ಮೋಸ ಹೋಗುವೆವು. 'ಎ' ಎಂಬುದು ಬಸ್ಸಿನಂತೆ ಕಾಣುವ, ಎಲ್ಲಕ್ಕಿಂತ ದೊಡ್ಡದು. ಕೆಲವು ೪೦ ಅಡಿಗೂ ಮೀರಿ ಉದ್ದವಾಗಿರುತ್ತವೆ. ಎಲ್ಲಕ್ಕಿಂತ ಚಿಕ್ಕದು 'ಸಿ' ಅಲ್ಲ, 'ಬಿ'. ವ್ಯಾನಿನ ಒಡಲೊಳಗೇ ಹಾಸಿಗೆ, ಒಲೆಗಳನ್ನು ಅಳವಡಿಸಿದ ವಾಹನವಿದು. ಊರಿನ ಬೀದಿಗಳಲ್ಲಿ ತಿರುಗಿಸುವುದು ಸುಲಭ. 'ಸಿ' ಇವೆರಡರ ನಡುವಣದು. ಚಾಲಕನ ತಲೆಯ ಮೇಲೆ ಮುಂಚಾಚಿದ ಅಟ್ಟದಂತಹ ಮಲಗುವ ಜಾಗವೇ ಇದರ ಗುರುತು. ಮಕ್ಕಳಿರುವ ಕುಟುಂಬಗಳು ಹೆಚ್ಚಾಗಿ ಇದನ್ನು ಮೆಚ್ಚುತ್ತವೆ.

ಎಳೆದೊಯ್ಯುವ ಜಾತಿಯಲ್ಲಿ ಸಾಮಾನ್ಯವಾದುದು ಟ್ರಾವೆಲ್ ಟ್ರೇಲರ್. ಇದನ್ನು ಕಾರಿನ ಅಥವಾ ಟ್ರಕ್ಕಿನ ಹಿಂಬದಿಯ ಕೊಂಡಿಗೆ ಸಿಕ್ಕಿಸುತ್ತಾರೆ. ಎರಡನೆಯದು ಫಿಫ್ತ್ ವೀಲ್, ಅಂದರೆ ಐದನೆಯ ಚಕ್ರ. ಕುದುರೆಗಾಡಿಗಳ ಮುಂದಿನ ಅಚ್ಚು ಅತ್ತಿತ್ತ ತಿರುಗಲೆಂದು ಅದರ ಮೇಲೆ ಅಡ್ಡಲಾಗಿ ಇಡುತ್ತಿದ್ದ ಬಳೆಯಿಂದ ಈ ಹೆಸರು ಬಂದಿದೆ. ಇದರ ಕೊಂಡಿಯು ಟ್ರಕ್ಕಿನ ತೊಟ್ಟಿಯ ಒಳಗೇ, ಹಿಂದಿನ ಅಚ್ಚಿನ ಸುಮಾರು ಮೇಲ್ಗಡೆ ಇರುತ್ತದೆ. ಆದುದರಿಂದ ಮನೆಯು ದೊಡ್ಡದಾದರೂ ಓಲಾಟ ಕಡಿಮೆ. ಆದರೆ ಎಳೆಯಲು ಟ್ರಕ್ಕೇ ಬೇಕು. ಇವಲ್ಲದೆ, ಬಟ್ಟೆಯ ಗೋಡೆಗಳನ್ನು ಮಡಿಸಿ ಪೆಟ್ಟಿಗೆಯಂತೆ ಒಯ್ಯುವ ಪಾಪ್‌ಅಪ್ ಟ್ರೇಲರ್ ಒಂದುಂಟು. ಟ್ರಕ್ಕಿನ ಬೆನ್ನ ಮೇಲೆಯೇ ಕೂರಿಸುವ ಟ್ರಕ್ ಕ್ಯಾಂಪರ್ ಎಂಬುದು ಎಳೆಯುವುದಲ್ಲ, ಹೊರುವುದು.

ಈ ಮನೆಗಳನ್ನು ಆರಿಸುವಾಗ ಜನರು ಮೊದಲು ನೋಡುವುದು ಹಾಸಿಗೆಗಳ ಸಂಖ್ಯೆಯನ್ನು. ನೋಡಬೇಕಾದುದು ಭಾರವನ್ನು. ನಮ್ಮ ಗಾಡಿ ಹೊಡೆಯುವವನಿಗೆ ಈ ತತ್ತ್ವ ಚೆನ್ನಾಗಿ ತಿಳಿದಿತ್ತು. ಹೇರು ಮುಂದಕ್ಕೆ ಹೆಚ್ಚಾದರೆ ನೊಗವು ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂದಕ್ಕೆ ಹೆಚ್ಚಾದರೆ ನೊಗವು ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಅದಕ್ಕಾಗಿಯೇ ಆತ ಮೂಟೆಗಳನ್ನು ಅಚ್ಚಿನ ಮೇಲೆ ಸರಿದೂಗಿಸಿ, ತುಸು ಮುಂದಕ್ಕೆ ವಾಲುವಂತೆ ಹೇರುತ್ತಿದ್ದ. ಟ್ರೇಲರಿನ ನ್ಯಾಯವೂ ಇದೇ. ಸಾಮಾನು ಹೇರಿದ ಟ್ರಾವೆಲ್ ಟ್ರೇಲರಿನ ತೂಕದಲ್ಲಿ ಶೇಕಡ ೧೦ರಿಂದ ೧೫ರಷ್ಟು ಕೊಂಡಿಯ ಮೇಲೆ ಬೀಳಬೇಕು. ೩,೦೦೦ ಕಿಲೋಗ್ರಾಂ ತೂಗುವ ಟ್ರೇಲರಾದರೆ ಕೊಂಡಿಯ ಮೇಲೆ ೩೦೦ರಿಂದ ೪೫೦ ಕಿಲೋಗ್ರಾಂ. ಹಿಂಭಾರವಾದರೆ ವೇಗದಲ್ಲಿ ಟ್ರೇಲರು ಬಾಲದಂತೆ ಬೀಸಾಡಲು ತೊಡಗಿ, ಕೊನೆಗೆ ಎಳೆಯುವ ಕಾರನ್ನೂ ದಾರಿ ತಪ್ಪಿಸಬಹುದು.

ಮಾರುವವರು ಹೇಳುವ 'ಬರಿದು ತೂಕ'ದಲ್ಲಿ ನಮ್ಮ ಪಾತ್ರೆ, ಬಟ್ಟೆ, ಅಕ್ಕಿಬೇಳೆ ಯಾವುದೂ ಸೇರಿರುವುದಿಲ್ಲ. ತೊಟ್ಟಿಯಲ್ಲಿ ೧೫೦ ಲೀಟರು ನೀರು ತುಂಬಿಸಿದೊಡನೆ ೧೫೦ ಕಿಲೋಗ್ರಾಂ ಹೆಚ್ಚಾಯಿತೆಂದು ಲೆಕ್ಕ. ಎಷ್ಟು ಹೇರಬಹುದೆಂದು ವಾಹನದಲ್ಲಿಯೇ ಚೀಟಿ ಅಂಟಿಸಿರುತ್ತಾರೆ. ಅದನ್ನು ಓದಿ ನಂತರ ಗಂಟು ಕಟ್ಟಬೇಕು.

ಇನ್ನೊಂದು ಮಾತನ್ನು ಹಿರಿಯರು ವಿಶೇಷವಾಗಿ ಗಮನಿಸಬೇಕು. ಚಲಿಸುತ್ತಿರುವ ಮನೆಯಲ್ಲಿ ಕಾಲು ಚಾಚಿ ಮಲಗಬಹುದು, ಕಾಫಿ ಕಾಯಿಸಬಹುದು ಎಂಬ ಕಲ್ಪನೆ ತಪ್ಪು. ಟ್ರಾವೆಲ್ ಟ್ರೇಲರು ಓಡುವಾಗ ಅದರೊಳಗೆ ಜನರು ಇರುವುದನ್ನು ಅಮೆರಿಕದ ಬಹಳ ರಾಜ್ಯಗಳಲ್ಲಿ ನಿಷೇಧಿಸಿದ್ದಾರೆ. ಎಲ್ಲರೂ ಮುಂದಿನ ವಾಹನದಲ್ಲೇ ಕುಳಿತಿರಬೇಕು. ತಾನೇ ನಡೆಯುವ ಮನೆಯಲ್ಲಿ ಪ್ರಯಾಣಿಸಬಹುದಾದರೂ, ಸೊಂಟಪಟ್ಟಿಯುಳ್ಳ ಆಸನದಲ್ಲಿ ಪಟ್ಟಿ ಕಟ್ಟಿಕೊಂಡೇ ಇರುವುದು ಕ್ಷೇಮ. ಆರು ಜನ ಮಲಗುವ ಮನೆಯಲ್ಲಿ ಆರು ಪಟ್ಟಿಗಳು ಇದ್ದೇ ಇರುತ್ತವೆಂದು ತಿಳಿಯಬಾರದು. ಆದುದರಿಂದ ಬಾಡಿಗೆಗೆ ಹಿಡಿಯುವ ಮೊದಲು ಮಕ್ಕಳಿಗೆ ಮೂರು ಪ್ರಶ್ನೆಗಳನ್ನು ಕೇಳೋಣ: ಅದು ತಾನೇ ನಡೆಯುವುದೋ, ಎಳೆಯುವುದೋ? ಎಷ್ಟು ಭಾರ ಹೇರಬಹುದು? ಪಟ್ಟಿಯುಳ್ಳ ಆಸನಗಳು ಎಷ್ಟು? ಇವಕ್ಕೆ ಸರಿಯಾದ ಉತ್ತರ ದೊರೆತ ಮೇಲೆ ಹಾಸಿಗೆಗಳನ್ನು ಎಣಿಸಬಹುದು.