ರಕ್ತಪಾಯಿ ಕೀಟಗಳ ಕರುಳಿನಲ್ಲಿ ರಕ್ಷಣೆ ಮತ್ತು ಸಂಯಮ

ರೋಗನಿರೋಧವನ್ನು ಕುರಿತು ಕನ್ನಡದಲ್ಲಿ ಬರೆಯುವಾಗ ಯುದ್ಧದ ಪರಿಭಾಷೆ ತಾನಾಗಿ ಒದಗಿಬರುತ್ತದೆ. ದೇಹವು ಕೋಟೆ, ಬಿಳಿ ರಕ್ತಕಣಗಳು ಸೈನಿಕರು, ರೋಗಾಣುಗಳು ಶತ್ರುಗಳು. ತರಗತಿಯ ಬೋಧನೆಗೆ ಈ ರೂಪಕ ಅನುಕೂಲವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ರಕ್ತವನ್ನು ಹೀರಿ ಬದುಕುವ ಕೀಟಗಳ ಕರುಳಿನಲ್ಲಿ ನಡೆಯುವ ವ್ಯವಹಾರವನ್ನು ಅದು ವಿವರಿಸಲಾರದು. ಅಲ್ಲಿ ಕೋಟೆಯೊಳಗೇ ಪರಕೀಯರು ನೆಲೆಸಿದ್ದಾರೆ. ಅವರನ್ನು ಹತೋಟಿಯಲ್ಲಿಡುವ ವ್ಯವಸ್ಥೆಯೇ ಅವರನ್ನು ಕಾಯುತ್ತಲೂ ಇರುತ್ತದೆ. ಮಲೇರಿಯವನ್ನು ಹರಡುವ ಅನಾಫಿಲಿಸ್ ಸೊಳ್ಳೆಯನ್ನು ಮುಖ್ಯವಾಗಿ ಇಟ್ಟುಕೊಂಡು ಈ ಸಂಬಂಧವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧೮೯೭ರ ಆಗಸ್ಟ್ ತಿಂಗಳಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದ ಭಿತ್ತಿಯ ಮೇಲೆ ಮಲೇರಿಯ ಪರಾವಲಂಬಿಯನ್ನು ಕಂಡುದು ಪ್ರಸಿದ್ಧ ಸಂಗತಿ. ಆ ಭಿತ್ತಿಯನ್ನು ತಲುಪುವ ಮೊದಲು ಪರಾವಲಂಬಿಯು ಎದುರಿಸುವ ಪರಿಸರವೇ ನಮ್ಮ ವಿಷಯ. ರಕ್ತದೊಡನೆ ಒಳಬಂದ ಪ್ಲಾಸ್ಮೋಡಿಯಂನ ಗಂಡು-ಹೆಣ್ಣು ರೂಪಗಳು ಕೂಡಿ, ಚಲಿಸಬಲ್ಲ ಹೊಸ ರೂಪವನ್ನು ತಾಳಿ, ಸುಮಾರು ಒಂದು ದಿನದಲ್ಲಿ ಕರುಳಿನ ಗೋಡೆಯನ್ನು ಭೇದಿಸಬೇಕು. ಅದೇ ಅವಧಿಯಲ್ಲಿ ಕರುಳಿನ ಬ್ಯಾಕ್ಟೀರಿಯಾಗಳೂ ರಕ್ತದ ಪೋಷಣೆಯಿಂದ ನೂರಾರು ಪಟ್ಟು ವೃದ್ಧಿಯಾಗುತ್ತವೆ. ಬಹುಪಾಲು ಪರಾವಲಂಬಿಗಳು ಈ ಹಂತವನ್ನು ದಾಟುವುದೇ ಇಲ್ಲ.

ಕೀಟಗಳಿಗೆ ನಮ್ಮಂತೆ ಪ್ರತಿಕಾಯಗಳಿಲ್ಲ. ಬ್ಯಾಕ್ಟೀರಿಯಾದ ಕೋಶಭಿತ್ತಿಯಲ್ಲಿರುವ ಪೆಪ್ಟಿಡೋಗ್ಲೈಕಾನ್ ಎಂಬ ವಸ್ತುವನ್ನು ಗುರುತಿಸುವ ಗ್ರಾಹಕಗಳು ಅವುಗಳಲ್ಲಿವೆ. ಗ್ರಾಹಕವು ಎಚ್ಚೆತ್ತಾಗ ‘ಐಎಂಡಿ’ ಎಂದು ಕರೆಯಲಾಗುವ ಸಂಕೇತಮಾರ್ಗವು ಚಾಲನೆಗೊಂಡು ಸೂಕ್ಷ್ಮಜೀವಿನಾಶಕ ಪ್ರೋಟೀನುಗಳು ಉತ್ಪತ್ತಿಯಾಗುತ್ತವೆ. ಪ್ಲಾಸ್ಮೋಡಿಯಂನಲ್ಲಿ ಪೆಪ್ಟಿಡೋಗ್ಲೈಕಾನ್ ಇಲ್ಲ. ಆದರೂ ಬ್ಯಾಕ್ಟೀರಿಯಾಗಳ ನಿಮಿತ್ತವಾಗಿ ಎಚ್ಚೆತ್ತ ವ್ಯವಸ್ಥೆಯ ಪೆಟ್ಟು ಅದಕ್ಕೂ ತಗಲುತ್ತದೆ. ನೆರೆಮನೆಯ ಗದ್ದಲಕ್ಕೆಂದು ಬಂದ ಕಾವಲುಗಾರನ ಕೈಗೆ ಕಳ್ಳ ಸಿಕ್ಕಿಬಿದ್ದಂತೆ. ಆಂಟಿಬಯಾಟಿಕ್ ಉಣಿಸಿ ಬ್ಯಾಕ್ಟೀರಿಯಾಗಳನ್ನು ತೆಗೆದುಹಾಕಿದ ಸೊಳ್ಳೆಗಳಲ್ಲಿ ಪರಾವಲಂಬಿಗಳು ಹೆಚ್ಚುವುದನ್ನು ೨೦೦೯ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿಕೊಟ್ಟವು. ಕೆಲವು ಬ್ಯಾಕ್ಟೀರಿಯಾಗಳಿಗಂತೂ ಸೊಳ್ಳೆಯ ನೆರವೂ ಬೇಕಿಲ್ಲ. ಜಾಂಬಿಯದ ಸೊಳ್ಳೆಗಳಿಂದ ಬೇರ್ಪಡಿಸಿದ ಎಂಟರೋಬ್ಯಾಕ್ಟರ್ ಜಾತಿಯ ಒಂದು ಬ್ಯಾಕ್ಟೀರಿಯಾ ಆಮ್ಲಜನಕದ ಪ್ರತಿಕ್ರಿಯಾಶೀಲ ರೂಪಗಳನ್ನು ತಾನೇ ಉತ್ಪಾದಿಸಿ ಪರಾವಲಂಬಿಯ ಬೆಳವಣಿಗೆಯನ್ನು ತಡೆಯುತ್ತದೆಂದು ೨೦೧೧ರಲ್ಲಿ ತಿಳಿದುಬಂದಿತು.

ಹಾಗಿದ್ದರೆ ರಕ್ಷಣಾ ವ್ಯವಸ್ಥೆಯು ಸದಾ ಉಗ್ರವಾಗಿರಬಾರದೇಕೆ? ಇದ್ದರೆ ಕರುಳಿಗೇ ಹಾನಿ, ಸಹವಾಸಿಗಳಿಗೂ ಹಾನಿ. ಆದುದರಿಂದ ಸೊಳ್ಳೆಯು ತನ್ನ ವ್ಯವಸ್ಥೆಯನ್ನು ತಾನೇ ತಡೆದುಕೊಳ್ಳುತ್ತದೆ. ರಕ್ತವನ್ನು ಹೀರಿದ ಬಳಿಕ ಎರಡು ಕಿಣ್ವಗಳ ಸಹಾಯದಿಂದ ಕರುಳಿನ ಒಳಪದರದ ಮೇಲಿನ ಪ್ರೋಟೀನುಗಳು ಪರಸ್ಪರ ಹೆಣೆದುಕೊಂಡು ಜಾಲವೊಂದು ಸಿದ್ಧವಾಗುತ್ತದೆ. ಬ್ಯಾಕ್ಟೀರಿಯಾಗಳ ಸುಳಿವು ಕರುಳಿನ ಕೋಶಗಳನ್ನು ಮುಟ್ಟದಂತೆ ಅದು ತಡೆಯುತ್ತದೆ. ೨೦೧೦ರ ಈ ಸಂಶೋಧನೆಯ ಸ್ವಾರಸ್ಯವಿರುವುದು ಮುಂದಿನ ಮಾತಿನಲ್ಲಿ: ಜಾಲದ ಮರೆ ಪ್ಲಾಸ್ಮೋಡಿಯಂಗೂ ದೊರೆಯುತ್ತದೆ. ಜಾಲವು ಹೆಣೆಯದಂತೆ ಮಾಡಿದಾಗ ರಕ್ಷಣಾ ವ್ಯವಸ್ಥೆ ಎಚ್ಚೆತ್ತು ಪರಾವಲಂಬಿಗಳು ಕುಗ್ಗಿದವು. ಇದನ್ನು ‘ನಿರೋಧ’ವೆಂದಷ್ಟೇ ಕರೆದರೆ ಅರ್ಥ ಅಪೂರ್ಣವಾಗುತ್ತದೆ. ‘ಸಂಯಮ’ವೆಂಬ ಪದ ಇಲ್ಲಿ ಹೆಚ್ಚು ಒಪ್ಪುತ್ತದೆಂದು ನನ್ನ ಅಭಿಪ್ರಾಯ.

ಆಫ್ರಿಕದಲ್ಲಿ ನಿದ್ರಾರೋಗವನ್ನು ಹರಡುವ ತ್ಸೆತ್ಸೆ ನೊಣದಲ್ಲಿ ಈ ಸಂಯಮ ಮತ್ತಷ್ಟು ಗಾಢವಾದುದು. ರಕ್ತದಲ್ಲಿ ಕೊರತೆಯಿರುವ ಬಿ ಗುಂಪಿನ ಜೀವಸತ್ವಗಳನ್ನು ಅದಕ್ಕೆ ಒದಗಿಸುವುದು ವಿಗಲ್ಸ್‌ವರ್ತಿಯ ಎಂಬ ಬ್ಯಾಕ್ಟೀರಿಯಾ. ತಾಯಿನೊಣವು ಗರ್ಭದಲ್ಲಿರುವ ಮರಿಗೆ ಹಾಲಿನಂಥ ಸ್ರಾವವನ್ನು ಉಣಿಸುತ್ತದೆ. ಅದರೊಡನೆಯೇ ಈ ಸಹವಾಸಿಯೂ ಮರಿಯನ್ನು ಸೇರುತ್ತದೆ. ಪೆಪ್ಟಿಡೋಗ್ಲೈಕಾನನ್ನು ಒಡೆದು ಸಹವಾಸಿಯನ್ನು ರಕ್ಷಣಾ ವ್ಯವಸ್ಥೆಯಿಂದ ಮರೆಮಾಡುವ ನೊಣದ ಪ್ರೋಟೀನೊಂದು ನಿದ್ರಾರೋಗದ ಪರಾವಲಂಬಿಗೆ ಮಾತ್ರ ಮಾರಕ. ಸೊಳ್ಳೆಯಲ್ಲಿ ಮರೆಯು ಶತ್ರುವಿಗೂ ಒದಗಿದರೆ ಇಲ್ಲಿ ಅದೇ ಆಯುಧವಾಗುತ್ತದೆ. ವಿಗಲ್ಸ್‌ವರ್ತಿಯ ಇಲ್ಲದೆ ಬೆಳೆದ ಮರಿಗಳು ಪ್ರೌಢಾವಸ್ಥೆಯಲ್ಲಿ ದುರ್ಬಲ ರಕ್ಷಣೆಯ ನೊಣಗಳಾಗುತ್ತವೆ ಎಂಬುದೂ ಗಮನಾರ್ಹ.

ಇದು ಕೀಟಶಾಸ್ತ್ರಜ್ಞರ ಕುತೂಹಲಕ್ಕಷ್ಟೇ ಸೀಮಿತವಾದ ವಿಚಾರವಲ್ಲ. ಸ್ಪೇನಿನ ಪ್ರಯೋಗಾಲಯವೊಂದರ ಸೊಳ್ಳೆಗಳಲ್ಲಿ ದೊರೆತ ಡೆಲ್ಫ್ಟಿಯ ಎಂಬ ಬ್ಯಾಕ್ಟೀರಿಯಾ ಪರಾವಲಂಬಿಯನ್ನು ತಡೆಯುವ ರಾಸಾಯನಿಕವನ್ನು ಸ್ರವಿಸುತ್ತದೆಂದು ೨೦೨೩ರಲ್ಲಿ ವರದಿಯಾಯಿತು. ಮಲೇರಿಯ ನಿಯಂತ್ರಣಕ್ಕೆ ಅದನ್ನು ಬಳಸಿಕೊಳ್ಳುವ ಯತ್ನಗಳು ಆರಂಭವಾಗಿವೆ. ಇದಕ್ಕೆ ವಿರುದ್ಧವಾದ, ಚಿಂತೆಗೀಡುಮಾಡುವ ಸಂಗತಿಯೊಂದಿದೆ. ಮನುಷ್ಯನ ರಕ್ತದಲ್ಲಿರುವ ಆಂಟಿಬಯಾಟಿಕ್ ಸೊಳ್ಳೆಯ ಕರುಳನ್ನೂ ಸೇರುತ್ತದೆ. ಪೆನಿಸಿಲಿನ್ ಮತ್ತು ಸ್ಟ್ರೆಪ್ಟೊಮೈಸಿನ್ ಬೆರೆತ ರಕ್ತವನ್ನು ಕುಡಿದ ಸೊಳ್ಳೆಗಳು ಮಲೇರಿಯ ಸೋಂಕಿಗೆ ಹೆಚ್ಚು ಸುಲಭವಾಗಿ ಒಳಗಾದುದಲ್ಲದೆ ಹೆಚ್ಚು ಕಾಲ ಬದುಕಿದವೆಂದು ೨೦೧೫ರ ಅಧ್ಯಯನವೊಂದು ತೋರಿಸಿತು. ಮಲೇರಿಯ ವ್ಯಾಪಕವಾಗಿರುವ ಆಫ್ರಿಕದ ನಾಡುಗಳಲ್ಲಿ ಆಂಟಿಬಯಾಟಿಕ್ಕುಗಳ ಬಳಕೆಯೂ ಹೆಚ್ಚುತ್ತಿರುವುದರಿಂದ, ಒಬ್ಬ ರೋಗಿಯ ಔಷಧವು ಆತನ ನೆರೆಹೊರೆಯವರ ಮಲೇರಿಯಕ್ಕೆ ಎಷ್ಟರಮಟ್ಟಿಗೆ ಕಾರಣವಾಗುತ್ತದೆಂಬ ಪ್ರಶ್ನೆಯನ್ನು ವೈದ್ಯರೂ ಕೇಳಿಕೊಳ್ಳಬೇಕಾಗಿದೆ.