ಮುಕಾದಮನ ಪಟ್ಟಿಯಲ್ಲಿದ್ದಾರೆ, ಆಸ್ಪತ್ರೆಯ ಪಟ್ಟಿಯಲ್ಲಿಲ್ಲ

ದೀಪಾವಳಿ ಮುಗಿಯಿತೆಂದರೆ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ರಸ್ತೆಗಳಲ್ಲಿ ಗಂಟುಮೂಟೆ ಕಾಣಿಸುತ್ತದೆ. ತಾಂಡಾಗಳ ಕುಟುಂಬಗಳು ಹೈದರಾಬಾದ್, ಪುಣೆ, ಮುಂಬೈಗೆ ಹೊರಡುತ್ತವೆ. ಗಡಿಯಾಚೆಯಿಂದ ಕಬ್ಬು ಕಡಿಯುವವರು ಇತ್ತ ಬರುತ್ತಾರೆ. ಹೋದವರಿಗೂ ಬಂದವರಿಗೂ ಕಾಯಿಲೆ ಬಿದ್ದ ದಿನದ ಸಂಕಟ ಒಂದೇ. ಹೆಸರಿರುವುದು ಒಂದೂರಲ್ಲಿ, ನೋವಿರುವುದು ಇನ್ನೊಂದೂರಲ್ಲಿ.

ಕಬ್ಬಿನ ಫಡದಲ್ಲಿ ದುಡಿಯುವ ಗರ್ಭಿಣಿಯನ್ನೇ ನೋಡಿ. ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೋಪಡಿಯ ಗಳಕ್ಕೆ ಸಿಕ್ಕಿಸಿರುತ್ತಾಳೆ. ಊರು ಬಿಟ್ಟ ತಿಂಗಳಿಂದ ಅದರ ಅಂಕಣಗಳು ಖಾಲಿ. ಸಾವಿರ ಜನಕ್ಕೊಬ್ಬ ಆಶಾ ಕಾರ್ಯಕರ್ತೆ ಎಂಬುದು ಸರ್ಕಾರದ ಲೆಕ್ಕ. ಹೊಲದ ಬದುವಿನ ಜೋಪಡಿ ಆ ಸಾವಿರದಲ್ಲಿ ಸೇರುವುದಿಲ್ಲ. ತಾನೇ ಆಸ್ಪತ್ರೆಗೆ ಹೋಗೋಣವೆಂದರೆ, ಗಂಡ ಹೆಂಡತಿ ಸೇರಿ ಒಂದು ‘ಕೊಯ್ತಾ’ ಎಂದು ಮುಂಗಡ ಕೊಟ್ಟ ಮುಕಾದಮ, ಅಂದರೆ ಗ್ಯಾಂಗಿನ ಮೇಸ್ತ್ರಿ, ಒಂದು ದಿನ ತಪ್ಪಿದರೂ ‘ಖಾಡಾ’ ಎಂದು ದುಡ್ಡು ಮುರಿದುಕೊಳ್ಳುತ್ತಾನೆ. ಮುಟ್ಟು, ಕಾಯಿಲೆ ಎಂದು ಒಂದು ದಿನವೂ ತಪ್ಪಬಾರದೆಂಬ ಈ ಭಯ ಎಲ್ಲಿಗೆ ಮುಟ್ಟಿಸುತ್ತದೆ ಎಂಬುದಕ್ಕೆ ನೆರೆಯ ಮಹಾರಾಷ್ಟ್ರದ ಬೀಡ್ ಜಿಲ್ಲೆಯೇ ಸಾಕ್ಷಿ. 2019ರಲ್ಲಿ ಮಹಾರಾಷ್ಟ್ರ ಸರ್ಕಾರದ ಸಮಿತಿ ಅಲ್ಲಿ ಕಬ್ಬು ಕಡಿಯುವ ಸುಮಾರು 82 ಸಾವಿರ ಹೆಂಗಸರ ಮಾಹಿತಿ ಕಲೆಹಾಕಿದಾಗ, 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಓದಿ ಮುಂದಕ್ಕೆ ಹೋಗುವಂಥ ಅಂಕಿಯಲ್ಲ ಅದು.

ಕಾನೂನಿಗೆ ಕೊರತೆಯಿಲ್ಲ. ಅಂತರರಾಜ್ಯ ವಲಸೆ ಕಾರ್ಮಿಕರಿಗೆ ಗುತ್ತಿಗೆದಾರನೇ ಉಚಿತ ವೈದ್ಯಕೀಯ ಸೌಲಭ್ಯ ಒದಗಿಸಬೇಕೆಂದು 1979ರ ಕಾಯ್ದೆಯೇ ಹೇಳಿತ್ತು. ರೈಲಿನಿಂದ ಬಿದ್ದ ಕೂಲಿಕಾರನೊಬ್ಬನನ್ನು ಬಂಗಾಳದ ಸರ್ಕಾರಿ ಆಸ್ಪತ್ರೆಗಳು ಹಾಸಿಗೆಯಿಲ್ಲವೆಂದು ಸಾಗಹಾಕಿದ ಪ್ರಕರಣದಲ್ಲಿ, ಸಕಾಲದ ಚಿಕಿತ್ಸೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 1996ರಲ್ಲೇ ತೀರ್ಪಿತ್ತಿದೆ. ಆ ವಿಧಿ ‘ವ್ಯಕ್ತಿ’ ಎನ್ನುತ್ತದೆ, ವಿಳಾಸ ಕೇಳುವುದಿಲ್ಲ. ಕಾಶ್ಮೀರದಿಂದ ಬಂದು ಸೌದೆ ಮಾರಿ ಬದುಕಿದನೆನ್ನುವ ಶರಣ ಮೋಳಿಗೆಯ ಮಾರಯ್ಯನನ್ನು ತನ್ನವನೆಂದ ಕಲ್ಯಾಣದ ನೆಲಕ್ಕೆ ಇದು ಹೊಸ ಮಾತೂ ಅಲ್ಲ.

ದಾರಿಯೂ ಇದೆ. ಕ್ಷಯರೋಗಿಯ ಹೆಸರು ‘ನಿಕ್ಷಯ್’ ಜಾಲದಲ್ಲಿ ದಾಖಲಾದರೆ ಅವನು ಬೇರೆ ರಾಜ್ಯಕ್ಕೆ ಹೋದರೂ ವಿವರ ಅಲ್ಲಿಗೆ ವರ್ಗವಾಗುತ್ತದೆ, ಮಾತ್ರೆ ಅಲ್ಲೇ ಸಿಗಬೇಕು. ಬಸುರಿ, ಬಾಣಂತಿ, ಸಕ್ಕರೆ ಕಾಯಿಲೆಯವರನ್ನೂ ಹಾಗೇ ಹಿಂಬಾಲಿಸಿ ನೋಡಿಕೊಳ್ಳಬಹುದು. ಯಾವ ಗ್ಯಾಂಗಿನಲ್ಲಿ ಯಾರಿದ್ದಾರೆಂದು ಮುಕಾದಮನ ಪುಸ್ತಕದಲ್ಲಿದೆ. ಯಾವ ಹೊಲದ ಕಟಾವು ಯಾವಾಗ ಎಂಬುದು ಸಕ್ಕರೆ ಕಾರ್ಖಾನೆಗೆ ಗೊತ್ತಿದೆ. ಹಂಗಾಮು ಶುರುವಾಗುವ ಮುನ್ನ ಆ ಪಟ್ಟಿ ತಾಲ್ಲೂಕು ಆರೋಗ್ಯಾಧಿಕಾರಿಯ ಮೇಜಿಗೆ ಬರಲಿ, ವಾರಕ್ಕೊಮ್ಮೆ ಸಂಜೆ ಹೊತ್ತು, ಕೂಲಿ ಮುಗಿದ ಮೇಲೆ, ನರ್ಸಮ್ಮ ಫಡಕ್ಕೆ ಹೋಗಲಿ.